ಟ್ರೇಲರ್ ಗಾಲಿಗೆ ಹವಾ ಸೂಚಕ: ಕೊಳ್ಳುವ ಮೊದಲು

ಕಬ್ಬು ತುಂಬಿದ ಎರಡು ಟ್ರೇಲರ್ ಎಳೆದುಕೊಂಡು ಹೋಗುವವನಿಗೆ ಕೊನೆಯ ಗಾಲಿ ಕಾಣುವುದಿಲ್ಲ. ಹಿಂತಿರುಗಿ ನೋಡಿದರೆ ಕಾಣುವುದು ಕಬ್ಬಿನ ಗರಿ ಮಾತ್ರ. ಟ್ರ್ಯಾಕ್ಟರಿನ ಮುಂದಿನ ಗಾಲಿಯಲ್ಲಿ ಹವಾ ಇಳಿದರೆ ಸ್ಟೇರಿಂಗ್ ಹೇಳುತ್ತದೆ. ಹಿಂದಿನ ದೊಡ್ಡ ಗಾಲಿ ಮೆತ್ತಗಾದರೆ ಕೂತ ಸೀಟು ಹೇಳುತ್ತದೆ. ಹದಿನೈದು ಮೀಟರ್ ಹಿಂದೆ ಇರುವ ಟ್ರೇಲರಿನ ಗಾಲಿಯ ಸುದ್ದಿ ಹೇಳುವವರು ಯಾರೂ ಇಲ್ಲ. ಇಂಜಿನ್ನಿನ ಗದ್ದಲದಲ್ಲಿ ಟಾಯರ್ ಒಡೆದ ಸದ್ದೂ ಕೇಳುವುದಿಲ್ಲ.

ಹೋದ ಹಂಗಾಮಿಗೆ ಹಿಂದಿನ ಹಂಗಾಮಿನಲ್ಲಿ ನಮ್ಮ ಓಣಿಯವರೊಬ್ಬರ ಟ್ರೇಲರ್ ಹಲಬರ್ಗಾದಿಂದ ಭಾಲ್ಕಿ ಕಡೆ ರಾತ್ರಿ ಬರುತ್ತಿತ್ತು. ಹಿಂದಿನ ಟ್ರೇಲರಿನ ಎಡಗಾಲಿಯ ಹವಾ ಎಲ್ಲೋ ಇಳಿಯಲು ಶುರುವಾಗಿದೆ. ಡ್ರೈವರ್‌ಗೆ ಗೊತ್ತಿಲ್ಲ. ಹಿಂದೆ ಮೋಟಾರ್ ಸೈಕಲ್ ಮೇಲೆ ಬಂದ ಹುಡುಗನೊಬ್ಬ ಮುಂದೆ ಹೋಗಿ ಕೈ ಅಡ್ಡ ಹಾಕಿ, "ಮಾಮಾ, ಹಿಂದಿನ ಗಾಲಿ ಹೊಗಿ ಬಿಡ್ಲಿಕತ್ತದ ನೋಡ್ರಿ" ಎಂದಾಗಲೇ ನಿಲ್ಲಿಸಿದ್ದು. ಅಷ್ಟರಲ್ಲಿ ಟ್ಯೂಬು ಪುಡಿಯಾಗಿತ್ತು, ಟಾಯರಿನ ಒಳಗಿನ ನೂಲು ಬಿಚ್ಚಿ ಬಂದಿತ್ತು, ರಿಮ್ ಸೊಟ್ಟಾಗಿತ್ತು. ಇನ್ನೊಂದು ತಿರುವು ದಾಟಿದ್ದರೆ ಟ್ರೇಲರ್ ಅಡ್ಡ ಬೀಳುತ್ತಿತ್ತು. ಆ ಹುಡುಗ ಆಗ ಪಕ್ಕದಲ್ಲೇ ಇದ್ದ ಎನ್ನುವುದನ್ನು ಮರೆಯಬಾರದು.

ಟಾಯರಿಗೆ ಹತ್ತು ಹದಿನೈದು ಸಾವಿರ ಹೋಗುತ್ತದೆ, ಅದು ಲೆಕ್ಕಕ್ಕೆ ಸಿಗುವ ಖರ್ಚು. ಕಡಿದ ಕಬ್ಬು ರಸ್ತೆ ಪಕ್ಕ ಒಂದು ದಿನ ಒಣಗಿದರೆ ಇಳಿಯುವ ತೂಕ, ಹೊಲದಲ್ಲಿ ಕೈಕಟ್ಟಿ ಕೂರುವ ಕಡಿಯುವ ಟೋಳಿ, ತಪ್ಪಿದ ಸರದಿ, ಇವನ್ನು ಯಾರೂ ಬರೆದಿಡುವುದಿಲ್ಲ. ಇದಾದ ಮೇಲೆ ನಾನು ಈ ಗಾಲಿಯ ಹವಾ ಮುಂದೆ ಕೂತವನಿಗೆ ತೋರಿಸುವ ಯಂತ್ರದ ಬಗ್ಗೆ ವಿಚಾರಿಸಲು ಹೊರಟೆ. ಎರಡು ಹಂಗಾಮು ಬಳಸಿಯೂ ನೋಡಿದ್ದೇನೆ. ಕೊಳ್ಳುವವರಿಗೆ, ಕೊಳ್ಳುವುದು ಬೇಡ ಎನ್ನುವವರಿಗೆ, ಇಬ್ಬರಿಗೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಇದೇನು ಯಂತ್ರ?

ಇಂಗ್ಲಿಷಿನಲ್ಲಿ ಇದಕ್ಕೆ ಟಿಪಿಎಂಎಸ್ ಎನ್ನುತ್ತಾರೆ. ಅಂಗಡಿಯಲ್ಲಿ ಕೇಳುವಾಗ ಈ ನಾಲ್ಕು ಅಕ್ಷರ ಹೇಳಿದರೆ ಸಾಕು. ನಾನು ಇಲ್ಲಿ ಹವಾ ಸೂಚಕ ಎನ್ನುತ್ತೇನೆ. ಎರಡು ಭಾಗ. ಒಂದು, ಟಾಯರಿನ ವಾಲ್ವಿಗೆ ಟೋಪಿಯ ಹಾಗೆ ತಿರುವಿ ಕೂರಿಸುವ ಸಣ್ಣ ಗುಂಡಿ, ಅದೇ ಸೆನ್ಸರ್. ಅದರೊಳಗೆ ಕೈಗಡಿಯಾರದ ಸೆಲ್ಲಿನಂಥ ಬಿಲ್ಲೆ ಸೆಲ್ ಇರುತ್ತದೆ. ಎರಡು, ಡ್ರೈವರ್ ಎದುರಿಗೆ ಇಡುವ ಪರದೆ. ಸೆನ್ಸರು ಹವಾ ಎಷ್ಟಿದೆ, ಬಿಸಿ ಎಷ್ಟಿದೆ ಎಂದು ಅಳೆದು ತಂತಿಯಿಲ್ಲದೆ ಪರದೆಗೆ ಕಳಿಸುತ್ತದೆ. ನಾವು ಹಾಕಿಕೊಟ್ಟ ಗಡಿಗಿಂತ ಹವಾ ಕಡಿಮೆಯಾದರೆ ಪರದೆ ಕೂಗುತ್ತದೆ.

ಕಾರುಗಳಲ್ಲಿ ಇದು ಹಳೆಯ ಸಂಗತಿ. 1986ರಲ್ಲಿ ಪೋರ್ಶೆ ಕಂಪನಿಯ 959 ಎಂಬ ದುಬಾರಿ ಕಾರಿನಲ್ಲಿ ಮೊದಲು ಬಂತು. ಅಮೆರಿಕದಲ್ಲಿ ಟಾಯರ್ ಕಳಚಿ ಕಾರು ಪಲ್ಟಿಯಾಗಿ ಬಹಳ ಜನ ಸತ್ತ ಮೇಲೆ 2000ದಲ್ಲಿ ಕಾನೂನು ಮಾಡಿದರು. 2007ರ ಸೆಪ್ಟೆಂಬರಿನಿಂದ ಅಲ್ಲಿ ತಯಾರಾಗುವ ಎಲ್ಲ ಹೊಸ ಕಾರಿಗೂ ಕಡ್ಡಾಯವಾಯಿತು. ನಮ್ಮಲ್ಲಿ ಈಗ ಬರುವ ಹಲವು ಕಾರುಗಳಲ್ಲಿ ಕಂಪನಿಯೇ ಕೂರಿಸಿ ಕೊಡುತ್ತದೆ.

ಆದರೆ ವಾಲ್ವಿನ ಮೇಲೆ ಹೊರಗಿಂದ ತಿರುವುವ ಈ ಬಗೆಯನ್ನು ಮುಖ್ಯವಾಗಿ ಬಳಸುವವರು ಬೇರೆಯವರು. ಅಮೆರಿಕದಲ್ಲಿ ಕೆಲವರು ಅಡುಗೆಮನೆ, ಹಾಸಿಗೆ, ಸ್ನಾನದ ಕೋಣೆ ಎಲ್ಲ ಇರುವ ಗಾಲಿಮನೆಯನ್ನೇ ಗಾಡಿಯ ಹಿಂದೆ ಕಟ್ಟಿಕೊಂಡು ತಿಂಗಳುಗಟ್ಟಲೆ ಊರೂರು ತಿರುಗುತ್ತಾರೆ. ಅವರಿಗೂ ನಮ್ಮದೇ ಕಷ್ಟ. ಹಿಂದೆ ಎಳೆಯುವ ಮನೆಯ ಗಾಲಿ ಒಡೆದರೆ ಮುಂದಿನವನಿಗೆ ತಿಳಿಯದು. ಅವರು ವಿಹಾರಕ್ಕೆ ಹೋಗುತ್ತಾರೆ, ನಾವು ಕಾರ್ಖಾನೆಗೆ ಹೋಗುತ್ತೇವೆ. ಗಾಲಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಹಾಗಾಗಿ ಕಾರಿನ ಕಿಟ್ಟು ನೋಡುವ ಬದಲು ಲಾರಿ ಮತ್ತು ಎಳೆಯುವ ಗಾಡಿಗಳಿಗೆ ಮಾಡಿದ ಕಿಟ್ಟು ನೋಡುವುದು ನಮಗೆ ಸರಿ. ಏಕೆ ಎನ್ನುವುದು ಮುಂದೆ ಬರುತ್ತದೆ.

ಮೊದಲು ಹವಾದ ಲೆಕ್ಕ

ಯಂತ್ರ ತಂದರೂ ಈ ಲೆಕ್ಕ ತಿಳಿಯದಿದ್ದರೆ ಅದು ದಿನಕ್ಕೆ ಹತ್ತು ಸಲ ಸುಮ್ಮನೆ ಕೂಗುತ್ತದೆ. ಮೂರನೇ ದಿನ ಡ್ರೈವರ್ ಅದರ ಬಾಯಿ ಮುಚ್ಚಿಸುತ್ತಾನೆ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಿ.

ಹವಾ ಅಳೆಯುವುದು ಚದರ ಇಂಚಿಗೆ ಇಷ್ಟು ಪೌಂಡ್ ಎಂದು. ಗೇಜಿನ ಮೇಲೆ ಪಿಎಸ್‌ಐ ಎಂದು ಬರೆದಿರುವುದು ಇದನ್ನೇ. ಕೆಲವು ಪರದೆಗಳಲ್ಲಿ ಬಾರ್ ಎಂದು ಬರುತ್ತದೆ. ಒಂದು ಬಾರ್ ಎಂದರೆ 14.5 ಪೌಂಡ್. ಟ್ರೇಲರಿನ ಟಾಯರಿಗೆ ಎಷ್ಟು ಹವಾ ಬೇಕು ಎನ್ನುವುದು ಟಾಯರಿನ ಅಳತೆ, ಪ್ಲೈ ಮತ್ತು ಹೊರುವ ಭಾರದ ಮೇಲೆ ನಿಂತಿದೆ. ಟಾಯರಿನ ಗೋಡೆಯ ಮೇಲೆ ಇಷ್ಟು ಭಾರಕ್ಕೆ ಗರಿಷ್ಠ ಇಷ್ಟು ಹವಾ ಎಂದು ಅಚ್ಚು ಹಾಕಿರುತ್ತದೆ. ಮಣ್ಣು ಒರೆಸಿ ಓದಿ. ಇಲ್ಲಿ ಲೆಕ್ಕಕ್ಕೆ 80 ಪೌಂಡ್ ಎಂದು ಇಟ್ಟುಕೊಳ್ಳೋಣ.

ನಮ್ಮ ಕಬ್ಬಿನ ಹಂಗಾಮು ಚಳಿಗಾಲದಲ್ಲಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಬೀದರ್ ಜಿಲ್ಲೆಯಲ್ಲಿ 12 ಡಿಗ್ರಿಯ ಹತ್ತಿರ ಚಳಿ ಇರುತ್ತದೆ. ಆ ಹೊತ್ತಿನಲ್ಲಿ 80 ಪೌಂಡ್ ಹವಾ ತುಂಬಿದಿರಿ. ಮಧ್ಯಾಹ್ನ ಭಾರ ಹೊತ್ತು ಡಾಂಬರು ರಸ್ತೆಯಲ್ಲಿ ಓಡಿದ ಮೇಲೆ ಟಾಯರಿನ ಒಳಗಿನ ಹವಾ 55 ಡಿಗ್ರಿಗೆ ಬಿಸಿಯಾಯಿತು ಎನ್ನಿ. ಬಿಸಿಯಾದ ಗಾಳಿ ಹಿಗ್ಗಲು ನೋಡುತ್ತದೆ, ಜಾಗ ಇಲ್ಲ, ಒತ್ತಡ ಏರುತ್ತದೆ. ಲೆಕ್ಕ ಹಾಕಿದರೆ ಸುಮಾರು 94 ಪೌಂಡ್ ಆಗುತ್ತದೆ. ಯಾರೂ ಹವಾ ತುಂಬಿಲ್ಲ, ಆದರೂ 14 ಪೌಂಡ್ ಹೆಚ್ಚು! ಇದು ಸಹಜ. ಟಾಯರ್ ಮಾಡಿದವರು ಇದನ್ನು ಲೆಕ್ಕಕ್ಕೆ ಹಿಡಿದೇ ಮಾಡಿರುತ್ತಾರೆ.

ಈಗ ಒಬ್ಬ ಡ್ರೈವರ್ 94 ನೋಡಿ ಹೆದರಿ, ವಾಲ್ ಪಿನ್ ಒತ್ತಿ 80ಕ್ಕೆ ಇಳಿಸಿದ ಎನ್ನಿ. ಮರುದಿನ ಬೆಳಿಗ್ಗೆ ಟಾಯರ್ ತಣ್ಣಗಾದಾಗ ಅದರಲ್ಲಿ ಉಳಿಯುವುದು 68ಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಬೇಕಾದ್ದಕ್ಕಿಂತ 12 ಪೌಂಡ್ ಕಡಿಮೆ ಹವಾದಲ್ಲಿ ಭಾರ ಹೊರುತ್ತದೆ. ಕಡಿಮೆ ಹವಾದ ಟಾಯರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗಿ ತುಂಡಾಗುತ್ತದಲ್ಲ, ಹಾಗೆ. ಒಳಗಿನ ನೂಲು ಕಾದು ರಬ್ಬರಿನಿಂದ ಬಿಡುತ್ತದೆ. ಇವತ್ತು ಒಡೆಯದಿದ್ದರೆ ಎಂಟು ದಿನಕ್ಕೆ ಒಡೆಯುತ್ತದೆ.

ಭಾಲ್ಕಿಯಲ್ಲಿ ನಾನು ಹೋಗುವ ಪಂಕ್ಚರ್ ಅಂಗಡಿಯ ಉಸ್ತಾದ್ ಇದನ್ನು ತನ್ನ ಮಾತಿನಲ್ಲಿ ಹೇಳಿದ್ದು: "ಅಣ್ಣಾ, ಬಿಸಲಾಗ ಟಾಯರ್ ಒಡೀತು ಅಂತ ಎಲ್ಲಾರೂ ಬರ್ತಾರ. ಬಿಚ್ಚಿ ನೋಡಿದ್ರ ಒಳಗ ಸುತ್ತೂ ಕರ್ರಗ ಸುಟ್ಟಿರ್ತದ. ಹವಾ ಕಮ್ಮಿ ಇಟ್ಕೊಂಡು ಓಡ್ಸಿದ್ದು ಅದು. ಬಿಸಲಿಂದಲ್ಲ." ಮೂವತ್ತು ವರ್ಷ ಟಾಯರ್ ಬಿಚ್ಚಿದವನ ಮಾತು. ಮೆತ್ತಗಾಗಿ ಓಡಿದ ಟಾಯರಿಗೆ ಹಾಗೇ ಹವಾ ಹೊಡೆಯಬೇಡಿ, ಬಿಚ್ಚಿಸಿ ಒಳಗೆ ಕೈಯಾಡಿಸಿ ನೋಡಿ ಎನ್ನುವುದೂ ಅವನದೇ ಸಲಹೆ. ಟಾಯರ್ ಕಂಪನಿಗಳೂ ಇದನ್ನೇ ಹೇಳುತ್ತವೆ.

ಹಾಗಾದರೆ ಗಡಿ ಎಲ್ಲಿ ಹಾಕಬೇಕು? ತಣ್ಣಗಿದ್ದಾಗಿನ ಅಳತೆಯೇ ಮೂಲ. ಗಾಡಿ ಮೂರು ತಾಸು ನಿಂತಿರಬೇಕು, ಬಿಸಿಲು ಬಿದ್ದಿರಬಾರದು. ಬೆಳಿಗ್ಗೆ ಹಾಲು ಕರೆಯುವ ಹೊತ್ತು ಸರಿ. ಕೆಳಗಿನ ಗಡಿಯನ್ನು ಶೇ. 15 ಕಡಿಮೆಗೆ ಇಡಿ, 80ಕ್ಕೆ 68. ಮೇಲಿನ ಗಡಿಯನ್ನು ಶೇ. 25 ಹೆಚ್ಚಿಗೆ ಇಡಿ, ಅಂದರೆ 100. ಮೇಲಿನ ಗಡಿ 90ಕ್ಕೆ ಇಟ್ಟರೆ ದಿನಾ ಮಧ್ಯಾಹ್ನ ಕೂಗುತ್ತದೆ. ಕಂಪನಿಯವರು ಹಾಕಿ ಕೊಟ್ಟ ಗಡಿಯನ್ನು ಬದಲಿಸಲು ಬಾರದ ಯಂತ್ರ ಇದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಇನ್ನೊಂದು ಮಾತು. ಟಾಯರ್ ಹೊರುವ ಭಾರಕ್ಕಿಂತ ಹೆಚ್ಚು ಕಬ್ಬು ಹೇರಿ ಅದಕ್ಕೆ ಹವಾ ಹೆಚ್ಚು ಹೊಡೆದರೆ ಸರಿಹೋಗುತ್ತದೆ ಎನ್ನುವವರು ಬಹಳ. ಗೋಡೆಯ ಮೇಲೆ ಬರೆದ ಗರಿಷ್ಠದ ಆಚೆ ಹವಾ ಹೊಡೆದರೆ ಟಾಯರಿನ ಹೊರುವ ಶಕ್ತಿ ಹೆಚ್ಚುವುದಿಲ್ಲ. ಯಾವ ಯಂತ್ರವೂ ಇದಕ್ಕೆ ಮದ್ದಲ್ಲ.

ಟ್ಯೂಬ್ ಟಾಯರಿಗೆ ಯಾವುದು ಕೂಡುತ್ತದೆ?

ಸೆನ್ಸರುಗಳಲ್ಲಿ ಎರಡು ಬಗೆ. ಒಳಗಿನದು, ಹೊರಗಿನದು. ಒಳಗಿನದನ್ನು ಟಾಯರ್ ಬಿಚ್ಚಿ ರಿಮ್ಮಿನ ಒಳಗೆ ವಾಲ್ವಿನ ಬುಡಕ್ಕೆ ಕೂರಿಸುತ್ತಾರೆ. ಕಳ್ಳರಿಗೆ ಸಿಗುವುದಿಲ್ಲ, ಏಟು ಬೀಳುವುದಿಲ್ಲ, ಬಿಸಿಯನ್ನೂ ಸರಿಯಾಗಿ ಅಳೆಯುತ್ತದೆ. ಅಂಗಡಿಯವರು ಇದನ್ನೇ ಹೊಗಳುತ್ತಾರೆ. ಆದರೆ ಇದು ಟ್ಯೂಬ್‌ಲೆಸ್ ಟಾಯರಿಗೆ ಮಾತ್ರ. ನಮ್ಮ ಟ್ರೇಲರುಗಳು ಬಹುಪಾಲು ಟ್ಯೂಬ್ ಇರುವ ನೈಲಾನ್ ಟಾಯರಿನವು. ಟ್ಯೂಬ್ ಇರುವಲ್ಲಿ ಒಳಗಿನ ಸೆನ್ಸರಿಗೆ ಜಾಗವೇ ಇಲ್ಲ. ಹಾಗಾಗಿ ನಮಗೆ ಉಳಿಯುವುದು ಟೋಪಿ ಬಗೆ ಒಂದೇ. ಈ ಒಂದು ಮಾತು ತಿಳಿದರೆ ಅರ್ಧ ಆಯ್ಕೆ ಮುಗಿಯಿತು.

ಟೋಪಿ ಬಗೆಯ ಸೆನ್ಸರಿನ ಮರೆ ಸಾಮಾನ್ಯ ವಾಲ್ವಿನ ಮರೆಗೆ ಸರಿಯಾಗಿ ಕೂಡುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟಾಯರಿನ ದಪ್ಪ ವಾಲ್ವಿನ ತುದಿಯೂ ಅದೇ ಅಳತೆ. ತಿರುವಿದಾಗ ಅದು ವಾಲ್ ಪಿನ್ನನ್ನು ಒತ್ತಿ ಹಿಡಿಯುತ್ತದೆ. ಅಂದರೆ ಆಮೇಲೆ ಹವಾ ತಡೆಯುವ ಕೆಲಸ ಸೆನ್ಸರಿನೊಳಗಿನ ಸಣ್ಣ ರಬ್ಬರ್ ಬಳೆಯದು. ಆ ಬಳೆ ಸವೆದರೆ ಅಥವಾ ಅದರಲ್ಲಿ ಒಂದು ಕಣ ಮರಳು ಸೇರಿದರೆ ಹವಾ ನೋಡಲು ತಂದ ಯಂತ್ರವೇ ಹವಾ ಬಿಡುತ್ತದೆ. ನಮ್ಮಲ್ಲಿ ಮೊದಲ ಹಂಗಾಮಿನಲ್ಲಿ ಕೂಗಿದ್ದರಲ್ಲಿ ಹೆಚ್ಚು ಸಲ ಕಾರಣ ಇದೇ. ಕೂರಿಸುವ ಮೊದಲು ವಾಲ್ವಿನ ಬಾಯಿಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕೂರಿಸಿದ ಮೇಲೆ ಸಾಬೂನು ನೀರು ಹಚ್ಚಿ. ಗುಳ್ಳೆ ಬಂದರೆ ತೆಗೆದು ಮತ್ತೆ ಕೂರಿಸಿ. ಬಳೆಗಳು ಬಿಡಿಯಾಗಿ ಸಿಗುತ್ತವೆಯೇ ಎಂದು ಕೊಳ್ಳುವಾಗಲೇ ಕೇಳಿ.

ರಬ್ಬರ್ ಕತ್ತಿನ ವಾಲ್ವಿಗೆ ಭಾರದ ಸೆನ್ಸರ್ ಹಾಕಿದರೆ ಕತ್ತು ಅಲುಗಾಡಿ ಬುಡದಲ್ಲಿ ಹರಿಯುತ್ತದೆ ಎನ್ನುವ ಹೆದರಿಕೆ ಇದೆ. ಕಾರಿನ ವೇಗಕ್ಕೆ ಅದು ನಿಜ. ನಾವು ಗಂಟೆಗೆ 20ರಿಂದ 30 ಕಿ.ಮೀ. ಓಡುವವರು. ಆ ವೇಗದಲ್ಲಿ ಸುತ್ತುವಾಗ 12 ಗ್ರಾಂ ಸೆನ್ಸರು ವಾಲ್ವಿನ ಮೇಲೆ ಹಾಕುವ ಎಳೆತ ನೂರು ಗ್ರಾಮಿನ ಆಸುಪಾಸು. ಗಟ್ಟಿ ಟ್ಯೂಬು ತಡೆಯುತ್ತದೆ. ಲಾರಿ ಟ್ಯೂಬಿನ ಹಾಗೆ ಪೂರಾ ಲೋಹದ ವಾಲ್ವ್ ಇದ್ದರೆ ಚಿಂತೆಯೇ ಇಲ್ಲ. ಜೋಡಿ ಗಾಲಿ ಇರುವ ಟ್ರೇಲರುಗಳಲ್ಲಿ ಒಳಗಾಲಿಗೆ ಕೈ ಸಿಗಲಿ ಎಂದು ಉದ್ದದ ವಾಲ್ವ್ ನಳಿಗೆ ಹಾಕಿರುತ್ತಾರಲ್ಲ, ಅದರ ತುದಿಗೆ ಮಾತ್ರ ಸೆನ್ಸರ್ ಹಾಕಬೇಡಿ. ಅದು ನಿಜವಾಗಿಯೂ ಮುರಿಯುತ್ತದೆ. ಹಾಕಲೇಬೇಕಿದ್ದರೆ ನಳಿಗೆಯನ್ನು ರಿಮ್ಮಿಗೆ ಬಿಗಿದು ಕಟ್ಟುವ ಹಿಡಿ ಇರಬೇಕು.

ಎಷ್ಟು ಪೌಂಡಿನ ತನಕ ಅಳೆಯುತ್ತದೆ?

ಡಬ್ಬಿಯ ಮೇಲೆ ಮೊದಲು ಓದಬೇಕಾದ್ದು ಇದನ್ನು. ಕಾರಿನ ಕಿಟ್ಟುಗಳಲ್ಲಿ ಕೆಲವು 50, 60 ಪೌಂಡಿನ ಆಚೆ ಅಳೆಯುವುದಿಲ್ಲ. ಎರಡು ಮೂರು ಸಾವಿರಕ್ಕೆ ಸಿಗುತ್ತದೆ ಎಂದು ತಂದರೆ ಟ್ರೇಲರಿಗೆ ಉಪಯೋಗವಿಲ್ಲ. ಲಾರಿ ಕಿಟ್ಟುಗಳು 150 ಪೌಂಡಿನ ಆಚೆಗೂ ಅಳೆಯುತ್ತವೆ. ನಮ್ಮ ಟ್ರೇಲರಿಗೆ ಬೇಕಾದ್ದು ಅದು. ಬೆಲೆ ಅದರ ಮೂರು ನಾಲ್ಕು ಪಟ್ಟು, ಸೆನ್ಸರ್ ಎಷ್ಟು ಎನ್ನುವುದರ ಮೇಲೆ.

ಹಾಗಾದರೆ ಲಾರಿ ಕಿಟ್ಟಿನ ಎರಡು ಸೆನ್ಸರನ್ನು ಟ್ರ್ಯಾಕ್ಟರಿನ ದೊಡ್ಡ ಗಾಲಿಗೂ ಹಾಕಬಹುದಲ್ಲ ಎಂದು ನನ್ನ ತಮ್ಮ ಕೇಳಿದ. ಬೇಡ ಎಂದು ನನ್ನ ಅಭಿಪ್ರಾಯ. ದೊಡ್ಡ ಗಾಲಿಗೆ ಹೊಲದಲ್ಲಿ ಇಡುವುದೇ 12ರಿಂದ 15 ಪೌಂಡ್. ಸೆನ್ಸರು ಒಂದೂವರೆ ಪೌಂಡ್ ಹೆಚ್ಚು ಕಡಿಮೆ ತೋರಿಸಬಹುದು. 80ರಲ್ಲಿ ಒಂದೂವರೆ ಪೌಂಡ್ ಎಂದರೆ ಶೇ. 2ರ ಒಳಗೆ, ಯಾರಿಗೂ ತೊಂದರೆ ಇಲ್ಲ. 12ರಲ್ಲಿ ಒಂದೂವರೆ ಎಂದರೆ ಎಂಟರಲ್ಲಿ ಒಂದು ಪಾಲು! ಮೇಲಾಗಿ ಅಷ್ಟು ಕೆಳಗಿನ ಗಡಿ ಹಾಕಲು ಹಲವು ಪರದೆ ಒಪ್ಪುವುದೇ ಇಲ್ಲ. ಗಾಲಿಯಲ್ಲಿ ಭಾರಕ್ಕೆ ನೀರು ತುಂಬಿಸಿದವರಂತೂ ಈ ಸೆನ್ಸರ್ ಹಾಕಲೇಬಾರದು. ಗಾಲಿ ತಿರುಗಿ ವಾಲ್ವ್ ಕೆಳಗೆ ಬಂದಾಗಲೆಲ್ಲ ಸೆನ್ಸರಿನೊಳಗೆ ನೀರು ಹೋಗುತ್ತದೆ.

ದೊಡ್ಡ ಗಾಲಿಗೆ ಬೇಕಾದ್ದು ಕಡಿಮೆ ಒತ್ತಡ ಅಳೆಯುವ ಒಳ್ಳೆಯ ಕೈಗೇಜು, 30 ಪೌಂಡಿಗೆ ಮುಗಿಯುವಂಥದ್ದು. ಲಾರಿಗೇಜಿನಲ್ಲಿ 12 ಮತ್ತು 15ರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ.

ಔರಾದ್ ಕಡೆಯವರಿಗೆ

ಔರಾದ್ ತಾಲೂಕಿನ ನೆಂಟರು ಈ ಯಂತ್ರ ನೋಡಿ ತಮಗೂ ಬೇಕೆಂದರು. ಅವರದು ಸೋಯಾ, ತೊಗರಿ, ಹೆಸರು, ಉದ್ದಿನ ಬೇಸಾಯ. ಒಂದೇ ಟ್ರೇಲರ್. ಸುಗ್ಗಿಯಲ್ಲಿ ನಾಲ್ಕಾರು ಸಲ ಸಂತಪುರ, ಕೌಠಾ, ಜನವಾಡ ದಾಟಿ ಬೀದರಿನ ಗಾಂಧಿ ಗಂಜಿಗೆ ಚೀಲ ಹಾಕಿಕೊಂಡು ಹೋಗುತ್ತಾರೆ. ಉಳಿದ ದಿನ ಟ್ರ್ಯಾಕ್ಟರ್ ಹೊಲದಲ್ಲಿ. ಅವರಿಗೆ ನಾನು ಹೇಳಿದ್ದು, ಇಷ್ಟು ಖರ್ಚು ಬೇಡ ಎಂದು. ನಾಲ್ಕು ಸಲ ಹೋಗಲು ಹೊರಡುವ ಮುನ್ನ ಗೇಜು ಹಿಡಿದು ನೋಡಿದರೆ ಸಾಕು, ದಾರಿಯಲ್ಲಿ ಚಹಾಕ್ಕೆ ನಿಂತಾಗ ಒಮ್ಮೆ ಗಾಲಿಗೆ ಸುತ್ತು ಹಾಕಿ ಬಂದರೆ ಸಾಕು.

ಅವರ ದೊಡ್ಡ ಶತ್ರು ತೊಗರಿ ಕೂಳೆ. ತೊಗರಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಓರೆ ಕೊಯ್ಲಿನ ಬುಡ ಒಣಗಿ ಈಟಿಯ ಹಾಗಾಗಿರುತ್ತದೆ. ಅದು ಟಾಯರಿನ ಮಗ್ಗುಲಿಗೆ ಚುಚ್ಚುತ್ತದೆ, ಹೊರಗೆ ಚಾಚಿದ ಸೆನ್ಸರನ್ನು ಕಿತ್ತೂ ಹಾಕುತ್ತದೆ. ವಾಲ್ವಿನ ಕತ್ತೇ ಸೊಟ್ಟಾದರೆ ಟ್ಯೂಬೂ ಹೋಯಿತು. ಹೊಲಕ್ಕೆ ಇಳಿಯುವ ಗಾಲಿಗೆ ಟೋಪಿ ಸೆನ್ಸರ್ ಹಾಕಬಾರದು ಎನ್ನಲು ಇದೂ ಒಂದು ಕಾರಣ. ಕೂಳೆಯನ್ನು ನೆಲಮಟ್ಟಕ್ಕೆ ಕೊಯ್ಯಿಸುವುದು, ಇಲ್ಲವೇ ಮೊದಲು ಕಿತ್ತು ಆರಿಸಿ ಆಮೇಲೆ ಟ್ರ್ಯಾಕ್ಟರ್ ಇಳಿಸುವುದು, ಇದು ಅವರಿಗೆ ಹವಾ ಸೂಚಕಕ್ಕಿಂತ ಹೆಚ್ಚು ಟ್ಯೂಬ್ ಉಳಿಸುತ್ತದೆ.

ಬೀದರ್ ಊರಿನ ಸುತ್ತ ಕೆಂಪು ಜಂಬಿಟ್ಟಿಗೆ ನೆಲ. ಅಲ್ಲಿಯ ಹರಳು ರಸ್ತೆ ಟಾಯರನ್ನು ಅರದಂತೆ ಸವೆಸುತ್ತದೆ, ಆದರೆ ವಾಲ್ವಿಗೆ ಅಂಟುವುದಿಲ್ಲ. ನಮ್ಮ ಭಾಲ್ಕಿಯ ಎರೆ ಮಣ್ಣು ಹಸಿ ಇದ್ದಾಗ ಸೆನ್ಸರಿನ ಮೇಲೆ ಲಾಡು ಕಟ್ಟಿದ ಹಾಗೆ ಕೂರುತ್ತದೆ. ಒಣಗಿದ ಮೇಲೆ ಕಲ್ಲಿನಿಂದ ಜಜ್ಜಿ ತೆಗೆಯಬೇಡಿ. ನೀರು ಹಾಕಿ ನೆನೆಸಿ ತೆಗೆಯಿರಿ.

ತಂತಿಯಿಲ್ಲದ ಸುದ್ದಿ ಎಷ್ಟು ದೂರ ಹೋಗುತ್ತದೆ?

ಕಿಟ್ಟು ಮಾರುವವರು ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ಸೆನ್ಸರಿನ ಬಿಲ್ಲೆ ಸೆಲ್ಲಿಗೆ ಶಕ್ತಿ ಕಡಿಮೆ. ಟ್ರ್ಯಾಕ್ಟರಿನ ಸೀಟಿಗೂ ಎರಡನೇ ಟ್ರೇಲರಿನ ಹಿಂದಿನ ಗಾಲಿಗೂ ನಾನು ಟೇಪು ಹಿಡಿದು ಅಳೆದಾಗ 14 ಮೀಟರಿಗಿಂತ ಸ್ವಲ್ಪ ಹೆಚ್ಚೇ ಬಂತು. ನಡುವೆ ಕಬ್ಬಿಣದ ಎರಡು ಡಬ್ಬಿ, ಅದರ ತುಂಬ ಹಸಿ ಕಬ್ಬು. ಕಬ್ಬಿಣವೂ ಹಸಿಯೂ ರೇಡಿಯೋ ಅಲೆಗೆ ಅಡ್ಡ. ಖಾಲಿ ಟ್ರೇಲರಿಗೆ ಸರಿಯಾಗಿ ಬರುವ ಸುದ್ದಿ ತುಂಬಿದ ಟ್ರೇಲರಿಗೆ ಬರದೇ ಹೋಗಬಹುದು. ಬೇಕಾದ್ದು ತುಂಬಿದಾಗಲೇ!

ಇದಕ್ಕೆ ರಿಪೀಟರ್ ಎಂಬ ಸಣ್ಣ ಪೆಟ್ಟಿಗೆ ಬರುತ್ತದೆ. ನಡುವೆ ನಿಂತು ಸುದ್ದಿ ಕೇಳಿ ಮುಂದೆ ದಾಟಿಸುತ್ತದೆ. ಮೊದಲ ಟ್ರೇಲರಿನ ಹಿಂಬದಿಗೆ ಕಟ್ಟಿ ಟೇಲ್ ಲೈಟಿನ ತಂತಿಯಿಂದ ಕರೆಂಟ್ ಕೊಡಬೇಕು. ಒಂದು ಸಂಗತಿ ನೋಡಿ: ಹಗಲು ಲೈಟ್ ಹಾಕದಿದ್ದರೆ ಆ ತಂತಿಯಲ್ಲಿ ಕರೆಂಟ್ ಇರುವುದಿಲ್ಲ, ರಿಪೀಟರ್ ಸತ್ತಿರುತ್ತದೆ. ನಾವು ಬ್ಯಾಟರಿಯಿಂದ ಒಂದು ಬೇರೆ ತಂತಿ, ನಡುವೆ ಫ್ಯೂಸ್ ಹಾಕಿ ಎಳೆದೆವು. ಟ್ರ್ಯಾಕ್ಟರಿನ ಬ್ಯಾಟರಿಯೂ 12 ವೋಲ್ಟ್, ರಿಪೀಟರೂ 12 ವೋಲ್ಟ್, ತೊಂದರೆ ಬರಲಿಲ್ಲ. ರಿಪೀಟರ್ ಇಲ್ಲದ ಕಿಟ್ಟು ಒಂದೇ ಟ್ರೇಲರ್ ಇರುವವರಿಗೆ ನಡೆದೀತು. ಎರಡು ಎಳೆಯುವವರಿಗೆ ರಿಪೀಟರ್ ಸೇರಿಸಿಯೇ ಬೆಲೆ ಕೇಳಬೇಕು.

ಸೆನ್ಸರು ಯಾವಾಗಲೂ ಮಾತಾಡುತ್ತಿರುವುದಿಲ್ಲ. ಸೆಲ್ ಉಳಿಸಲು ಕೆಲವು ನಿಮಿಷಕ್ಕೊಮ್ಮೆ ಸುದ್ದಿ ಕಳಿಸುತ್ತದೆ. ಹವಾ ಸಟ್ಟನೆ ಇಳಿದರೆ ಮಾತ್ರ ತಕ್ಷಣ ಕಳಿಸುವಂತೆ ಒಳ್ಳೆಯ ಸೆನ್ಸರನ್ನು ಮಾಡಿರುತ್ತಾರೆ. ಅಗ್ಗದ್ದರಲ್ಲಿ ಇದಿಲ್ಲ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಗಾಲಿಗೆ ಸೆನ್ಸರ್ ಹಾಕಿ, ಪರದೆಯಲ್ಲಿ ಅಂಕಿ ಬಂದ ಮೇಲೆ ಸೆನ್ಸರನ್ನು ಸರಕ್ಕನೆ ಬಿಚ್ಚಿ. ಹತ್ತು ಇಪ್ಪತ್ತು ಸೆಕೆಂಡಿನಲ್ಲಿ ಕೂಗಬೇಕು. ಐದು ನಿಮಿಷ ಕಾದರೂ ಕೂಗದಿದ್ದರೆ ಬೇಡ ಎನ್ನಿ.

ಪರದೆಯನ್ನೂ ಹೀಗೇ ನೋಡಿ. ಕಾರಿನೊಳಗೆ ಗಾಜು ಏರಿಸಿ ಕೂತವನಿಗೆ ಕೇಳುವ ಕೀಂ ಕೀಂ ಸದ್ದು ಟ್ರ್ಯಾಕ್ಟರಿನ ಮೇಲೆ ಕೇಳುವುದಿಲ್ಲ, ಅದರಲ್ಲೂ ನಮ್ಮ ಹುಡುಗರು ಟೇಪ್ ಹಾಕಿಕೊಂಡಿದ್ದರೆ ದೇವರೇ ಗತಿ. ಇಂಜಿನ್ ಶುರು ಮಾಡಿ, ರೇಸ್ ಕೊಟ್ಟು, ಸೀಟಿನ ಮೇಲೆ ಕೂತು ಕೇಳಿ. ಸದ್ದು ಸಣ್ಣದಿದ್ದರೆ ಹೊರಗೆ ಬೇರೆ ಬಜರ್ ಜೋಡಿಸಲು ಬರುವಂಥದ್ದು ಇರಬೇಕು, ಇಲ್ಲವೇ ಕಣ್ಣಿಗೆ ಹೊಡೆಯುವ ಕೆಂಪು ದೀಪ ಇರಬೇಕು. ಬಿಸಿಲಿನಲ್ಲಿ ಅಂಕಿ ಕಾಣಬೇಕು. ಧೂಳು, ಮಳೆ ತಡೆಯಬೇಕು. ಸೌರಶಕ್ತಿಯ ಪರದೆಗಳು ಬರುತ್ತವೆ, ತಂತಿಯ ಗೊಡವೆ ಇಲ್ಲ. ಆದರೆ ಅವು ಕಾರಿನ ಗಾಜಿನ ಹಿಂದೆ ಇಡಲು ಮಾಡಿದವು, ಮಳೆಗೆ ನಿಲ್ಲುವುದಿಲ್ಲ.

ಬಿಸಿಯ ಅಂಕಿಯನ್ನು ಬಹಳ ನಂಬಬೇಡಿ. ಟೋಪಿ ಸೆನ್ಸರು ವಾಲ್ವಿನ ತುದಿಯಲ್ಲಿ, ಗಾಳಿಗೆ ಒಡ್ಡಿಕೊಂಡು ಇರುತ್ತದೆ. ಒಳಗೆ ಟಾಯರ್ ಕುದಿಯುತ್ತಿದ್ದರೂ ಅದು ತಣ್ಣಗೆ ತೋರಿಸಬಹುದು. ಟ್ರೇಲರಿನ ಬೇರಿಂಗ್ ಕಾದಿದೆಯೇ ಎಂದು ನೋಡಲು ಇಳಿದು ಹಬ್ಬಿನ ಹತ್ತಿರ ಕೈ ಒಯ್ದು ನೋಡುವುದೇ ಸರಿ. ತಗಲಿಸುವ ಮೊದಲೇ ಕಾವು ಗೊತ್ತಾಗುತ್ತದೆ.

ಯಾರ್ಡಿನಲ್ಲಿ

ಹುಣಜಿ ಇರಲಿ, ಜನವಾಡದ ಕಡೆ ಇರಲಿ, ಕಾರ್ಖಾನೆಯ ಯಾರ್ಡಿನಲ್ಲಿ ಸರದಿಗೆ ನಿಂತ ಗಾಡಿಯಿಂದ ಏನೂ ಹೋಗದು ಎಂದು ಹೇಳಲಾಗದು. ಸೆನ್ಸರಿನ ಕೆಳಗೆ ಬಿಗಿಯುವ ಒಂದು ಲಾಕ್ ನಟ್ ಕಿಟ್ಟಿನ ಜೊತೆ ಬರುತ್ತದೆ, ಚಿಕ್ಕ ಪಾನಾ ಇಲ್ಲದೆ ಬಿಚ್ಚಲು ಬರದು. ಅದನ್ನು ಹಾಕಿ. ಆದರೆ ಆ ಪಾನಾ ಡ್ರೈವರ್ ಹತ್ತಿರವೂ ಇರಬೇಕು, ಮನೆಯಲ್ಲೂ ಇರಬೇಕು. ರಾತ್ರಿ ಪಂಕ್ಚರ್ ಆಗಿ ಪಾನಾ ಮನೆಯಲ್ಲಿದ್ದರೆ ಹವಾ ಹೊಡೆಯಲು ಬರುವುದಿಲ್ಲ.

ಟ್ರೇಲರ್ ಬಿಚ್ಚಿ ನಿಲ್ಲಿಸಿ ಟ್ರ್ಯಾಕ್ಟರ್ ಬೇರೆ ಕೆಲಸಕ್ಕೆ ಹೋದಾಗ ಪರದೆಗೆ ಸೆನ್ಸರಿನ ಸುದ್ದಿ ಸಿಗದೆ ಕೂಗತೊಡಗುತ್ತದೆ. ಆ ಗಾಲಿಗಳನ್ನು ಅಷ್ಟು ಹೊತ್ತು ಮಲಗಿಸುವ ಗುಂಡಿ ಇರಬೇಕು. ಅಣ್ಣತಮ್ಮಂದಿರು ಅದಲು ಬದಲು ಟ್ರೇಲರ್ ಎಳೆಯುವವರಿಗೆ ಇದು ಇನ್ನೂ ಮುಖ್ಯ. ಪ್ರತಿ ಸೆನ್ಸರಿಗೂ ಒಂದು ಗುರುತು ಅಂಕಿ ಇದೆ. ಯಾವ ಅಂಕಿ ಯಾವ ಗಾಲಿ ಎಂದು ಪರದೆಗೆ ಒಮ್ಮೆ ಕಲಿಸಬೇಕು. ನಾವು ಸೆನ್ಸರಿನ ಮೇಲೂ ರಿಮ್ಮಿನ ಮೇಲೂ ಒಂದೇ ಅಂಕಿ ಬಿಳಿ ಬಣ್ಣದಲ್ಲಿ ಬರೆದೆವು. ಕತ್ತಲಲ್ಲಿ 'ಆರನೇದು' ಎಂದು ಪರದೆ ಹೇಳಿದರೆ ಬ್ಯಾಟರಿ ಹಿಡಿದು ನೇರ ಆರನೇ ಗಾಲಿಗೆ ಹೋಗಬಹುದು.

ನಮ್ಮದು ನಾಲ್ಕು ಗಾಲಿಯ ಎರಡು ಟ್ರೇಲರ್. ಎಂಟು ಸೆನ್ಸರ್ ಬೇಕಾಯಿತು. ಹಣ ಸಾಲದವರು ಹಿಂದಿನ ಟ್ರೇಲರಿಗೆ ಮಾತ್ರ ನಾಲ್ಕು ಹಾಕಿ, ಮುಂದಿನದನ್ನು ಕಣ್ಣಿನಿಂದ ನೋಡಿಕೊಳ್ಳಬಹುದು. ಎರಡು ಹಂಗಾಮಿನಲ್ಲಿ ನಿಜವಾಗಿ ಮೊಳೆ ಹೊಕ್ಕು ಹವಾ ಇಳಿದದ್ದು ಮೂರು ಸಲ, ಮೂರೂ ಹಿಂದಿನ ಟ್ರೇಲರಿನದೇ. ಮೂರೂ ಸಲ 65ರ ಆಸುಪಾಸಿನಲ್ಲೇ ಗಾಡಿ ನಿಂತಿತು. ಟ್ಯೂಬಿಗೆ ತೇಪೆ ಹಾಕಿದೆವು, ಟಾಯರ್ ಉಳಿಯಿತು. ಮೊಳೆ ಚುಚ್ಚಿ ನಿಧಾನ ಇಳಿಯುವ ಹವಾವನ್ನು ಇದು ಹಿಡಿಯುತ್ತದೆ. ಕಲ್ಲಿಗೆ ಬಡಿದು ಒಂದೇ ಏಟಿಗೆ ಒಡೆಯುವ ಟಾಯರಿನ ಮುನ್ಸೂಚನೆ ಯಾವ ಯಂತ್ರವೂ ಕೊಡುವುದಿಲ್ಲ. ಒಡೆದ ಮೇಲೆ ಹೇಳುತ್ತದೆ, ಅದೂ ಡ್ರೈವರಿಗೆ ಕಡಿಮೆ ಉಪಕಾರವಲ್ಲ.

ಕೂಗಿದಾಗ ಡ್ರೈವರ್ ಏನು ಮಾಡಬೇಕು ಎನ್ನುವುದನ್ನೂ ಮೊದಲೇ ಹೇಳಿಕೊಡಿ. ಬ್ರೇಕ್ ಒತ್ತಿ ಹಿಡಿಯಬಾರದು. ಆಕ್ಸಿಲೇಟರ್ ಬಿಟ್ಟು, ನಿಧಾನಕ್ಕೆ ಎಡಕ್ಕೆ, ಗಟ್ಟಿ ನೆಲದ ಮೇಲೆ ನಿಲ್ಲಿಸಬೇಕು. ರಾತ್ರಿಯಾದರೆ ಹಿಂದೆ ಬರುವವರಿಗೆ ದೀಪ ಕಾಣುವ ಹಾಗೆ ಇಡಬೇಕು. ಆಮೇಲೆ ಕೈಗೇಜಿನಿಂದ ಅಳೆದು ನೋಡಬೇಕು. ಯಂತ್ರ ಇದ್ದರೂ ಕೈಗೇಜು ಬೇಕೇ ಬೇಕು. ಪಂಕ್ಚರ್ ಅಂಗಡಿಗಳ ಕಂಪ್ರೆಸರ್ ಮೀಟರುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದೇ ಟಾಯರಿಗೆ ಒಂದು ಅಂಗಡಿಯಲ್ಲಿ 80, ಇನ್ನೊಂದರಲ್ಲಿ 72 ಬಂದದ್ದನ್ನು ನೋಡಿದ್ದೇನೆ. ನಿಮ್ಮದೇ ಒಂದು ಗೇಜು ಇಟ್ಟುಕೊಂಡು ಅದನ್ನೇ ಪ್ರಮಾಣ ಎಂದು ಹಿಡಿಯಿರಿ. ಹಂಗಾಮಿನ ಶುರುವಿಗೆ ಎಂಟೂ ಗಾಲಿಯನ್ನು ಅದರಿಂದ ಅಳೆದು, ಪರದೆಯ ಅಂಕಿಯ ಜೊತೆ ಒಂದು ಹಾಳೆಯಲ್ಲಿ ಬರೆದಿಡಿ. ಯಾವ ಸೆನ್ಸರು ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೆ ಎನ್ನುವುದು ಆಗ ತಿಳಿಯುತ್ತದೆ.

ಹಂಗಾಮು ಮುಗಿದ ಮೇಲೆ

ಮಾರ್ಚ್ ಕೊನೆಗೆ ಕಬ್ಬು ಮುಗಿಯುತ್ತದೆ. ಆಗ ಸೆನ್ಸರುಗಳನ್ನು ಬಿಚ್ಚಿ, ವಾಲ್ವಿಗೆ ಹಳೆಯ ಟೋಪಿಗಳನ್ನೇ ಹಾಕಿ. ಟೋಪಿಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಇಟ್ಟಿರಬೇಕು. ಬಿಲ್ಲೆ ಸೆಲ್ ಬದಲಿಸಲು ಬರುವ ಸೆನ್ಸರನ್ನೇ ಕೊಳ್ಳಿ. ಕೆಲವದರ ಮೈ ಪೂರ್ತಿ ಮುಚ್ಚಿರುತ್ತದೆ, ಸೆಲ್ ಮುಗಿದರೆ ಸೆನ್ಸರನ್ನೇ ಎಸೆಯಬೇಕು. ಸೆಲ್ಲನ್ನು ತೆಗೆದು ಬೇರೆ ಇಡಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ, ನುಂಗಿದರೆ ಗಂಟಲು, ಅನ್ನನಾಳ ಸುಡುತ್ತದೆ. ನುಂಗಿದ್ದು ಗೊತ್ತಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ರಬ್ಬರ್ ಬಳೆಗಳನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಅಥವಾ ಸೀಳಿದ್ದರೆ ಬದಲಿಸಿ.

ಟ್ರೇಲರನ್ನು ಬೇಸಿಗೆಯ ಬಿಸಿಲಿನಲ್ಲಿ ಬಯಲಲ್ಲಿ ಬಿಡಬೇಡಿ. 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳು ಟಾಯರಿನ ಗೋಡೆಯನ್ನು ಸೀಳುತ್ತದೆ. ಅಚ್ಚಿನ ಕೆಳಗೆ ಕಲ್ಲು ಅಥವಾ ಮರದ ದಿಮ್ಮಿ ಕೊಟ್ಟು ಗಾಲಿಯ ಮೇಲಿನ ಭಾರ ಇಳಿಸಿ, ಹಳೆ ಗೋಣಿಯನ್ನು ಟಾಯರಿಗೆ ಹೊದೆಸಿ. ಮುಂದಿನ ದೀಪಾವಳಿಯ ಹೊತ್ತಿಗೆ ಗೋಣಿ ತೆಗೆದು, ಹವಾ ಹೊಡೆದು, ಎರಡು ದಿನ ಬಿಟ್ಟು ಮತ್ತೆ ಅಳೆಯಿರಿ. ಇಳಿಯದೆ ನಿಂತ ಗಾಲಿಗೆ ಮಾತ್ರ ಸೆನ್ಸರ್ ಹಾಕಿ. ಇಳಿದಿದ್ದನ್ನು ಮೊದಲು ಉಸ್ತಾದನ ಹತ್ತಿರ ಒಯ್ಯಿರಿ.